ಬುನ್ಲಾಯ್ ಬಸ್ಸು ಹತ್ತಿದ್ದು

ಬೆಚ್ಚಿಬಿದ್ದವರ ಮೈಯಿಂದ ಖ್ವನ್ ಎಂಬ ಜೀವಕಳೆ ಜಾರಿಬೀಳುತ್ತದೆ ಎಂಬುದನ್ನು ನೋಂಗ್ ಪಕ್ವೇನ್ ಹಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹುಣಸೆಮರದಿಂದ ಬಿದ್ದ ಮಗು, ಎಮ್ಮೆ ಅಟ್ಟಿಸಿಕೊಂಡು ಬಂದ ಹೆಂಗಸು, ಬೈಕಿನಿಂದ ಉರುಳಿದ ಕುಡುಕ, ಎಲ್ಲರದೂ ಒಂದೇ ಪಾಡು. ಗಾಯ ಮಾಯುತ್ತದೆ, ಊಟ ಸೇರುವುದಿಲ್ಲ. ಕಣ್ಣು ಮುಚ್ಚುತ್ತದೆ, ನಿದ್ದೆ ಹತ್ತುವುದಿಲ್ಲ. ಮೈ ಮನೆಯಲ್ಲಿರುತ್ತದೆ, ಒಳಗಿನ ಕಳೆ ಮಾತ್ರ ಬಿದ್ದ ಜಾಗದಲ್ಲೇ ಕೂತಿರುತ್ತದೆ. ಆಗ ಬುನ್ಲಾಯಳನ್ನು ಕರೆಯಬೇಕು. ಅವಳು ಸೀಗಡಿ ಹಿಡಿಯುವ ದುಂಡು ಬಲೆಯೊಳಗೆ ಆ ಮನುಷ್ಯನ ಅಂಗಿ, ಬೇಯಿಸಿದ ಮೊಟ್ಟೆ, ಒಂದು ಉಂಡೆ ಅಂಟಕ್ಕಿ ಅನ್ನ, ಬಿಳಿ ನೂಲು ಇಟ್ಟುಕೊಂಡು ಆ ಜಾಗಕ್ಕೇ ಹೋಗುತ್ತಿದ್ದಳು. "ಬಾ ಖ್ವನ್ನೇ ಬಾ, ಮುಳ್ಳಲ್ಲಿ ಕೂರಬೇಡ, ಕೆಸರಲ್ಲಿ ಮಲಗಬೇಡ, ಮನೆಯಲ್ಲಿ ಅನ್ನ ಬಿಸಿಯಾಗೈತೆ ಬಾ" ಎಂದು ರಾಗವಾಗಿ ಕರೆಯುತ್ತ ನೆಲದ ಮೇಲೆ ಬಲೆಯಾಡಿಸಿ ಮೊಗೆದು, ಬಟ್ಟೆ ಮುಚ್ಚಿ, ತುಟಿ ಪಿಟಕ್ಕೆನ್ನದೆ ಮನೆಗೆ ತರುತ್ತಿದ್ದಳು. ದಾರಿಯಲ್ಲಿ ಯಾರು ಕರೆದರೂ ಓಗೊಡುವಂತಿಲ್ಲ. ಬಾಯಿ ಬಿಟ್ಟರೆ ಖ್ವನ್ ಬಲೆಯಿಂದ ಹಾರಿಹೋಗುತ್ತದೆ. ಮೆಟ್ಟಿಲ ಬಳಿ ಮನೆಯವರು "ಬಂತಾ?" ಎಂದು ಕೇಳಬೇಕು, ಅವಳು "ಬಂತು, ಬಂತು" ಎನ್ನಬೇಕು. ಆಮೇಲೆ ಮಣಿಕಟ್ಟಿಗೆ ನೂಲು ಕಟ್ಟಿ ಮೊಟ್ಟೆ ತಿನ್ನಿಸಿದರೆ ಮುಗಿಯಿತು.

ಈ ಕೆಲಸ ಅವಳಿಗೆ ತಾಯಿಯಿಂದ ಬಂದದ್ದು. ತಾಯಿಯ ಕಾಲದಲ್ಲಿ ಜನ ಬೀಳುತ್ತಿದ್ದುದು ಕೆರೆ ಏರಿಯ ಮೇಲೋ ಗದ್ದೆಯ ಬದುವಿನಲ್ಲೋ. ಈಗಿನವರು ಬೀಳುವುದಕ್ಕೂ ದೂರದೇಶಕ್ಕೆ ಹೋಗುತ್ತಾರೆ. ಎದುರುಮನೆಯ ಸಾಯ್‌ಬುವಾಳ ಒಬ್ಬನೇ ಮಗ ಥನೋಮ್ ತೈವಾನಿನಲ್ಲಿ ತಗಡು ಒತ್ತುವ ಕಾರ್ಖಾನೆಗೆ ಸೇರಿದ್ದ. ಒಂದು ದಿನ ಯಂತ್ರ ಅವನ ಕಿರುಬೆರಳನ್ನು ಜಜ್ಜಿತು. ಬೆರಳು ಹೋದದ್ದಕ್ಕಿಂತ ಹೆಚ್ಚಿನ ತೊಂದರೆ ಆಮೇಲೆ ಶುರುವಾಯಿತು.

"ಅಕ್ಕ, ಫೋನಲ್ಲಿ ಅಳ್ತಾವ್ನೆ," ಎಂದು ಸಾಯ್‌ಬುವಾ ಓಡಿಬಂದಿದ್ದಳು. "ಯಂತ್ರದ ಮುಂದೆ ನಿಂತ್ರೆ ಕೈ ನಡುಗ್ತೈತಂತೆ. ಖ್ವನ್ ಅಲ್ಲೇ ಬಿದ್ದೈತೆ, ನೀನೇ ಏನಾದ್ರೂ ಮಾಡು."

"ನಾನೇನು ಮಾಡ್ಲಿ? ತೈವಾನಿಗೆ ಈಜ್ಕೊಂಡು ಹೋಗ್ಲಾ?"

"ಹೋಗೋದೇನ್ ಬೇಡ. ಅವನ ಗೆಳೆಯ ಫೋನ್ ಹಿಡಿದು ಆ ಜಾಗ ತೋರಿಸ್ತಾನೆ. ನೀನು ಇಲ್ಲಿಂದ್ಲೇ ಮೊಗಿ."

ಬುನ್ಲಾಯ್ ಮೊದಲು ನಕ್ಕಳು. ಆಮೇಲೆ ಗೆಳತಿಯ ಮುಖ ನೋಡಿ ಬಲೆ ತಂದಳು. ಅಂಗಳದಲ್ಲಿ ಚಾಪೆ ಹಾಸಿ ಫೋನನ್ನು ಮಲಗಿಸಿದರು. ಪರದೆಯಲ್ಲಿ ಎಣ್ಣೆ ಚೆಲ್ಲಿದ ಸಿಮೆಂಟಿನ ನೆಲ ಕಾಣಿಸಿತು. ಅದರ ಮೇಲೆ ಬಲೆಯಾಡಿಸಿ, ಬಟ್ಟೆ ಮುಚ್ಚಿ, ಅಂಗಳದಿಂದ ಮೆಟ್ಟಿಲವರೆಗೆ ಬಾಯಿ ಬಿಗಿದು ನಡೆದಳು. ಸಾಯ್‌ಬುವಾ "ಬಂತಾ?" ಎಂದಳು. ಇವಳು "ಬಂತು" ಎಂದಳು. ಆಶ್ಚರ್ಯವೆಂದರೆ ಥನೋಮ್ ಅವತ್ತು ಗೊರಕೆ ಹೊಡೆದು ಮಲಗಿದ, ಮಾರನೆಯ ದಿನ ಯಂತ್ರದ ಮುಂದೆ ನೆಟ್ಟಗೆ ನಿಂತ. ಅಲ್ಲಿಂದ ಶುರುವಾಯಿತು ನೋಡಿ. ಕೊರಿಯಾದಲ್ಲಿ ಅಣಬೆ ಬೆಳೆಯುವವರು, ಬ್ಯಾಂಕಾಕಿನಲ್ಲಿ ಗಾರೆ ಕೆಲಸದವರು, ಹಡಗಿನ ಅಡುಗೆಯವರು, ಎಲ್ಲರ ಖ್ವನ್ನೂ ಬುನ್ಲಾಯಳ ಚಾಪೆಯ ಮೇಲೆ ಬಂದು ಇಳಿಯತೊಡಗಿತು.

"ಅಕ್ಕ, ಅರ್ಧಕ್ಕೆ ಚಾರ್ಜು ಮುಗಿದ್ರೆ ಖ್ವನ್ ಎಲ್ಲಿಗೆ ಹೋಗ್ತೈತೆ?" ಎಂದು ಹಳ್ಳಿಯ ಮುಖಂಡ, ಡೊಳ್ಳುಹೊಟ್ಟೆಯ ಸಂಗಾ, ಕೆಣಕುತ್ತಿದ್ದ.

"ನಿನ್ನ ಹೊಟ್ಟೆಗೆ ಹೋಗ್ತೈತೆ ಕಣೋ. ಜಾಗ ಬೇಕಾದಷ್ಟೈತಲ್ಲ."

"ಖ್ವನ್‌ಗೆ ರಸ್ತೆ ಬೇಕಿಲ್ಲ, ಕಿವಿ ಇದ್ರೆ ಸಾಕು" ಎಂಬುದು ಅವಳ ಮಾತಾಯಿತು. ಊರಿನವರು ಅದನ್ನೇ ಗಾದೆಯ ಹಾಗೆ ಹೇಳಿಕೊಂಡು ತಿರುಗಿದರು. ಅವಳು ಅದನ್ನು ನಂಬಿದ್ದಳೇ ಎಂದು ಯಾರೂ ಕೇಳಲಿಲ್ಲ. ಅವಳೂ ತನ್ನನ್ನು ಕೇಳಿಕೊಳ್ಳಲಿಲ್ಲ. ಮಂಡಿನೋವಿನ ಮುದುಕಿಗೆ ಕೂತಲ್ಲೇ ಕೆಲಸ ಸಿಕ್ಕಿತ್ತು, ದೂರದಲ್ಲಿದ್ದವರಿಗೆ ನಿದ್ದೆ ಬರುತ್ತಿತ್ತು. ಇಷ್ಟು ಸಾಲದೆ?

ಹೀಗಿರುವಾಗ ಅವಳ ಮಗಳು ಅಂಪೈ ಬಿದ್ದಳು.

ಅಂಪೈ ಸಮುದ್ರದ ಕಡೆಯ ಜಿಲ್ಲೆಯೊಂದರಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಳು. ಪಾಳಿ ಮುಗಿಸಿ ಬೈಕಿನಲ್ಲಿ ವಾಪಸು ಬರುವಾಗ ಹೆದ್ದಾರಿಯಲ್ಲಿ ಲಾರಿಯೊಂದು ಹಿಂದಿನಿಂದ ಸವರಿಕೊಂಡು ಹೋಯಿತು. ಮೂಳೆಗಳು ಕೂಡಿದವು, ಹೊಲಿಗೆ ಬಿಚ್ಚಿದರು. "ತಲೆಗೆ ಪೆಟ್ಟಾಗಿದೆ, ಇನ್ನು ನಾವು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದರು ಡಾಕ್ಟರು. ಗಂಡ ದೇಚಾ ಅವಳನ್ನು ಪಿಕಪ್ ಗಾಡಿಯಲ್ಲಿ ಮಲಗಿಸಿಕೊಂಡು ಅತ್ತೆಯ ಮನೆಗೆ ತಂದ. ಕಂಬಗಳ ಮೇಲೆ ನಿಂತ ಆ ಮನೆಯ ಅಡಿಯಲ್ಲಿ ಬಿದಿರಿನ ಮಂಚವಿತ್ತು. ಅಂಪೈ ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಕೂತಿರುತ್ತಿದ್ದಳು. ಬಾಯಿಗಿಟ್ಟರೆ ನುಂಗುತ್ತಿದ್ದಳು. ತುಟಿಯ ಮೇಲೆ ನೊಣ ಕೂತರೆ ಕೈಯೆತ್ತುತ್ತಿರಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ "ಏನಮ್ಮ, ನಿನ್ನ ಆಫೀಸು ಹೆಂಗೆ ನಡೀತೈತೆ?" ಎಂದು ತಾಯಿಯ ಚಾಪೆಯನ್ನು ಕಾಲಿನಿಂದ ತಳ್ಳಿ ನಗುತ್ತಿದ್ದ ಹುಡುಗಿ ಅದು. ಈಗ ತಾಯಿ ಎದುರಿಗೆ ಕೂತರೆ ತಾಯಿಯ ಹಿಂದಿನ ನೀರಿನ ಹಂಡೆಯನ್ನು ನೋಡುತ್ತಿದ್ದಳು.

ನೂಡಲ್ಸ್ ಅಂಗಡಿಯಲ್ಲಿ ಯಾರೋ "ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತಂತೆ" ಎಂದರಂತೆ. ಅಂದವರೂ ಸೇರಿ ಊರೇ ಅಂಗಳಕ್ಕೆ ಬಂದಿತು. ಅತ್ತ ಹೆದ್ದಾರಿಯಲ್ಲಿ ಅಂಪೈಯ ಕಾರ್ಖಾನೆಯ ಜೊತೆಗಾತಿ ಜಿಂದಾ ಫೋನು ಹಿಡಿದು ನಿಂತಳು. ಪರದೆಯಲ್ಲಿ ಧೂಳು, ಲಾರಿಗಳ ಚಕ್ರ. ಬುನ್ಲಾಯ್ ಬಲೆ ಕೈಗೆತ್ತಿಕೊಂಡಾಗ ಆ ಪರದೆ ಅಂಗೈಯಷ್ಟೇ ಅಗಲವಿದೆ ಎಂಬುದು ಮೊದಲ ಸಲ ಅವಳ ಕಣ್ಣಿಗೆ ಬಿತ್ತು. ಆದರೂ ಕರೆದಳು, ಮೊಗೆದಳು, ನಡೆದಳು. ದೇಚಾ "ಬಂತಾ?" ಎಂದ. "ಬಂತು" ಎಂದಳು. ನೂಲು ಕಟ್ಟಿದರು. ಅಂಪೈ ನೀರಿನ ಹಂಡೆಯನ್ನು ನೋಡುತ್ತ ಕೂತಿದ್ದಳು.

"ನಿಧಾನಕ್ಕೆ ಬರ್ತೈತೆ ಬಿಡಕ್ಕ," ಎಂದು ಎಲ್ಲರಿಗಿಂತ ಹೆಚ್ಚು ಸಮಾಧಾನ ಹೇಳಿದವಳು ಸಾಯ್‌ಬುವಾ. "ನನ್ನ ಥನೋಮ್‌ಗೆ ಬರಲಿಲ್ವಾ? ಇವಳಿಗೂ ಬರ್ತೈತೆ." ದಿನಾ ಬಂದು ಅದನ್ನೇ ಹೇಳುತ್ತಿದ್ದಳು. ಬರುಬರುತ್ತ ಅದು ಬುನ್ಲಾಯಳಿಗೆ ಹೇಳುವ ಸಮಾಧಾನವಾಗಿ ಉಳಿಯಲಿಲ್ಲ, ತನಗೇ ಹೇಳಿಕೊಳ್ಳುವ ಹಾಗಿತ್ತು.

ಗದ್ದೆಯಲ್ಲಿ ನಾಟಿ ಮುಗಿಯಿತು. ಅಂಪೈ ಹಾಗೇ ಇದ್ದಳು. ಒಂದು ದಿನ ಅವಳ ಬಾಯಿ ಒರೆಸುತ್ತಿದ್ದ ಬುನ್ಲಾಯ್ ಬಟ್ಟೆಯನ್ನು ಕೆಳಗಿಟ್ಟು, "ನಾನೇ ಹೋಗ್ತೀನಿ" ಎಂದಳು.

"ಎಲ್ಲಿಗತ್ತೆ?" ಎಂದ ದೇಚಾ.

"ಅವಳು ಬಿದ್ದ ಜಾಗಕ್ಕೆ."

"ಇನ್ನೊಂದ್ಸಲ ಫೋನಲ್ಲೇ ಮಾಡೋಣ. ಖ್ವನ್‌ಗೆ ರಸ್ತೆ ಬೇಕಿಲ್ಲ ಅಂತ ನೀವೇ ಹೇಳ್ತಿದ್ರಿ."

"ಹೇಳ್ತಿದ್ದೆ. ಈಗ ಬಾಯ್ಮುಚ್ಕೊಂಡು ಅವಳನ್ನ ನೋಡ್ಕೊ. ಯಾರಾದ್ರೂ ಕೇಳಿದ್ರೆ ಕಣ್ಣು ತೋರಿಸೋಕೆ ಹೋದ್ಲು ಅನ್ನು."

ಸುಳ್ಳು ಯಾಕೆ ಬೇಕಾಯಿತು ಎಂಬುದು ದೇಚಾನಿಗೂ ಗೊತ್ತಿತ್ತು. ಬುನ್ಲಾಯ್ ತಾನೇ ಎದ್ದು ಹೋದಳೆಂದರೆ ಫೋನಿನಲ್ಲಿ ಯಾರ ಖ್ವನ್ನೂ ಬಂದಿರಲಿಲ್ಲ ಎಂದು ಡಂಗುರ ಹೊಡೆದಂತೆಯೇ. ಎಷ್ಟು ತಾಯಂದಿರು ಅವಳ "ಬಂತು" ಎಂಬ ಒಂದು ಮಾತನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು! ಅವರ ಮಕ್ಕಳೆಲ್ಲ ಇವತ್ತಿಗೂ ಯಂತ್ರಗಳ ಮುಂದೆ, ಸಾರುವೆಗಳ ಮೇಲೆ ಅದೇ ಮಾತಿನ ಧೈರ್ಯದಲ್ಲಿ ನಿಂತಿದ್ದರು. ಇದೆಲ್ಲ ಬುನ್ಲಾಯಳಿಗೆ ತಿಳಿಯದ್ದಲ್ಲ. ಆದರೆ ಹೆತ್ತ ಹೊಟ್ಟೆ ಊರಿನ ನ್ಯಾಯ ಕೇಳುವುದಿಲ್ಲ.

ದುಂಡು ಬಲೆಯನ್ನು ಬಚ್ಚಿಡುವುದು ಸುಲಭವಲ್ಲ. ಹಳೆಯ ಹೊದಿಕೆಯಲ್ಲಿ ಸುತ್ತಿದರೂ ಕಂಕುಳಲ್ಲಿ ಮೊರದ ಹಾಗೆ ಎದ್ದು ಕಾಣುತ್ತಿತ್ತು. ಬಸ್ಸಿಗೆ ಕಾಯುತ್ತ ನಿಂತಾಗ, ಭಿಕ್ಷುಗಳಿಗೆ ಅನ್ನ ನೀಡಿ ಬರುತ್ತಿದ್ದ ಸಾಯ್‌ಬುವಾಳೇ ಎದುರಾಗಬೇಕೆ?

"ಎಲ್ಲಿಗಕ್ಕ ಇಷ್ಟು ಬೆಳಿಗ್ಗೇನೇ?"

"ಕಣ್ಣಿನ ಡಾಕ್ಟ್ರತ್ರ. ಎಲ್ಲಾ ಮಂಜು ಮಂಜಾಗಿ ಕಾಣ್ತೈತೆ ಕಣೆ."

"ಕಣ್ಣಿನ ಡಾಕ್ಟ್ರು ಸೀಗಡಿ ಹಿಡ್ಕೊಂಡು ಬಾ ಅಂದ್ರಾ?" ಎಂದು ನಗುತ್ತ ಸಾಯ್‌ಬುವಾ ಆ ಹೊದಿಕೆಯನ್ನು ಮುಟ್ಟಿದಳು. ಬಲೆಯ ಅಂಚು ಕೈಗೆ ಸಿಕ್ಕಿತು, ಅದರೊಳಗಿನ ಅಂಗಿಯೂ ಮೆತ್ತಗೆ ಸಿಕ್ಕಿತು. ನಗು ಅರ್ಧಕ್ಕೆ ನಿಂತಿತು.

"ಸಾಯ್‌ಬುವಾ, ಅದು ಹಂಗಲ್ಲ..."

"ಬಸ್ ಬಂತು. ಹೋಗ್ಬಾ ಅಕ್ಕ," ಎಂದಳು ಸಾಯ್‌ಬುವಾ. ಖಾಲಿಯಾದ ಅನ್ನದ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಬಸ್ಸು ಹೊರಡುವವರೆಗೂ ಅಲ್ಲೇ ನಿಂತಿದ್ದಳು.

ಮಾರನೆಯ ಬೆಳಿಗ್ಗೆ ಜಿಂದಾ ಪಾಳಿ ಮುಗಿಸಿದವಳು ನಿದ್ದೆಗಣ್ಣಿನಲ್ಲೇ ಬೈಕ್ ತಂದು ಬುನ್ಲಾಯಳನ್ನು ಹೆದ್ದಾರಿಗೆ ಕರೆದೊಯ್ದಳು. ಒಳ್ಳೆಯ ಹುಡುಗಿ, ಬಾಯಿ ಮಾತ್ರ ನಿಲ್ಲುವುದಿಲ್ಲ. ರಸ್ತೆ ಕೆರೆಯಷ್ಟು ಅಗಲವಿತ್ತು. ಅಂಚಿನಲ್ಲಿ ಒಂದು ಪುಟ್ಟ ಗುಡಿ, ಅದರ ಸುತ್ತ ಗಾರೆಯಲ್ಲಿ ಮಾಡಿದ ಪಟ್ಟೆಪಟ್ಟೆಯ ಝೀಬ್ರಾ ಬೊಂಬೆಗಳು. ದೊಡ್ಡವು, ಚಿಕ್ಕವು, ಕಿವಿ ಮುರಿದವು. ಎಲ್ಲದರ ಮುಂದೆ ಹರಕೆಗಿಟ್ಟ ಕೆಂಪು ಶರಬತ್ತಿನ ಬಾಟಲಿಗಳು.

"ಇಷ್ಟೊಂದು ಯಾಕಮ್ಮ?"

"ಇಲ್ಲಿ ಬಹಳ ಜನ ಬೀಳ್ತಾರಮ್ಮ. ಬಿದ್ದವರ ಕಡೆಯವರು ರಸ್ತೆ ದಾಟೋ ಪಟ್ಟೆ ನೆನಪಿಗೆ ಇವನ್ನ ತಂದಿಡ್ತಾರೆ, ಇನ್ಮೇಲೆ ಯಾರೂ ಬೀಳದಿರ್ಲಿ ಅಂತ. ಆದ್ರೂ ಬೀಳ್ತಾನೇ ಇರ್ತಾರೆ." ಜಿಂದಾ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಒಂದ್ ಮಾತು ಹೇಳ್ತೀನಿ, ಬೈಬೇಡಿ. ಅವತ್ತು ಫೋನಲ್ಲಿ ತೋರಿಸಿದ್ದು ಈ ಜಾಗ ಅಲ್ಲ. ಇಲ್ಲಿ ನಿಲ್ಲೋಕಾಗ್ಲಿಲ್ಲ, ಲಾರಿಗಳು ಮೈಮೇಲೇ ಬರ್ತಿದ್ವು. ಪೆಟ್ರೋಲ್ ಬಂಕಿನ ಮುಂದೆ ನಿಂತು ತೋರಿಸ್ದೆ. ರಸ್ತೆ ಎಲ್ಲಾ ಒಂದೇ ಅಲ್ವಾ ಅಂದ್ಕೊಂಡೆ."

ಬುನ್ಲಾಯಳಿಗೆ ಕೋಪ ಬರಬೇಕಿತ್ತು. ಬಂದದ್ದು ಆಸೆ. ಹಾಗಾದರೆ ಫೋನು ಸುಳ್ಳಾಗಿರಲಿಲ್ಲ! ಜಾಗ ತಪ್ಪಿತ್ತು, ಅಷ್ಟೇ! ಥನೋಮನದೂ ಬಂದಿತ್ತು, ಕೊರಿಯಾದವರದೂ ಬಂದಿತ್ತು, ತನ್ನ ಮಗಳದು ಮಾತ್ರ ಪೆಟ್ರೋಲ್ ಬಂಕಿನ ಮುಂದೆ ಹುಡುಕಿದರೆ ಸಿಗುವುದೆಲ್ಲಿಂದ? ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಒಂದು ಗಳಿಗೆ ಕೆಳಗಿಳಿದಂತಾಯಿತು. ಮನೆ ಮುಟ್ಟಿದ ಕೂಡಲೇ ಇದನ್ನು ಸಾಯ್‌ಬುವಾಗೆ ಹೇಳಬೇಕು ಎಂದುಕೊಂಡಳು.

ಆದರೆ ಜಿಂದಾ ಬೆರಳು ಮಾಡಿದ ಕಡೆ ರಸ್ತೆಗೆ ಹೊಸದಾಗಿ ತಾರು ಹಾಕಿದ್ದರು. ಬಿದ್ದದ್ದರ ಗುರುತು ಒಂದೂ ಇರಲಿಲ್ಲ. "ಇಲ್ಲೇ ಇರ್ಬೇಕು, ಇಲ್ಲಾ ಆ ಕಂಬದ ಹತ್ರ" ಎಂದಳು ಹುಡುಗಿ. ಬುನ್ಲಾಯ್ ಎರಡೂ ಕಡೆ ಮೊಗೆದಳು. ಲಾರಿ ಹೋದ ಮೇಲೆ ಇನ್ನೊಂದು ಬರುವುದರೊಳಗೆ ರಸ್ತೆಗಿಳಿದು ಬಲೆಯಾಡಿಸಿ ಓಡಿಬರಬೇಕು, ಮಂಡಿಗಳು ಕಿರುಗುಟ್ಟುತ್ತಿದ್ದವು. ದೂರದಲ್ಲಿ ಬಾವುಟ ಹಿಡಿದ ರಸ್ತೆ ಕೆಲಸದವನೊಬ್ಬ "ಏ ಅಜ್ಜಿ, ಸಾಯೋಕೆ ಬೇರೆ ಜಾಗ ಸಿಗಲಿಲ್ವಾ?" ಎಂದು ಕೂಗಿಕೊಂಡ. ಅವಳ ಹಾಡು ಅವಳ ಕಿವಿಗೇ ಕೇಳುತ್ತಿರಲಿಲ್ಲ. ಇಷ್ಟೊಂದು ಬೊಂಬೆಗಳಿದ್ದ ಮೇಲೆ ಇಲ್ಲಿ ಎಷ್ಟು ಜನರ ಖ್ವನ್ ಕೂತಿದೆಯೋ, ಬಲೆಗೆ ಯಾರದು ಹತ್ತುತ್ತದೋ! ಅಂಗಿಯ ಕೊರಳನ್ನು ಬಲೆಯ ಹೊರಗೆ ಹಿಡಿದು, "ನಿನ್ನ ಅಂಗಿ ನೋಡ್ಕೊಂಡು ಬಾರೇ, ಅಂಪೈ, ಬೇರೆಯವರು ಬರಬೇಡ್ರಪ್ಪಾ, ನಿಮ್ಮ ತಾಯಂದಿರು ಬರ್ತಾರೆ, ಕಾಯ್ತಿರಿ" ಎಂದು ಬಡಬಡಿಸಿದಳು. ಅವಳ ತಾಯಿ ಕಲಿಸಿದ ಹಾಡಿನಲ್ಲಿ ಆ ಮಾತು ಇರಲಿಲ್ಲ. ಕೊನೆಗೆ ಬಲೆಗೆ ಹೊದಿಕೆ ಮುಚ್ಚಿ ಬಾಯಿ ಬಿಗಿದಳು.

ಅಂಗಳದಿಂದ ಮೆಟ್ಟಿಲವರೆಗೆ ಮೌನ ಹಿಡಿಯುವುದು ಒಂದು, ಇಡೀ ಹಗಲಿನ ಬಸ್ಸಿನಲ್ಲಿ ಹಿಡಿಯುವುದು ಇನ್ನೊಂದು. ಟಿಕೆಟ್ಟನ್ನು ಜಿಂದಾ ಕೊಡಿಸಿದ್ದಳು. ಕಂಡಕ್ಟರ್ ಬಂದು, "ಅಜ್ಜಿ, ಬಲೆ ಮೇಲಿಡಿ, ಮೀನೇನೂ ಓಡಿಹೋಗಲ್ಲ" ಎಂದ. ಅವಳು ಒಲ್ಲೆನೆಂದು ತಲೆಯಾಡಿಸಿದಳು. "ಮಾತು ಬರಲ್ವಾ? ಪಾಪ" ಎಂದು ನೀರಿನ ಬಾಟಲಿ ಕೊಟ್ಟು ಹೋದ. ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಗುಂಡಿ ಹತ್ತಿಳಿದಾಗಲೆಲ್ಲ ಎರಡು ಕೈಯಲ್ಲಿ ಒತ್ತಿಹಿಡಿದು ಕೂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಸೊಂಟದ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಸಾಯ್‌ಬುವಾಳ ಮುಖ. ಬುನ್ಲಾಯ್ ಎತ್ತಲಿಲ್ಲ. ಎತ್ತಿ ಮಾತಾಡದಿದ್ದರೆ ಇನ್ನೂ ಕೆಟ್ಟದು, ಮಾತಾಡಿದರೆ ಮುಗಿದೇಹೋಯಿತು. ಫೋನು ನಿಂತು ಮತ್ತೆ ಶುರುವಾಯಿತು. ಮತ್ತೆ ನಿಂತು ಮತ್ತೆ ಶುರುವಾಯಿತು.

"ಎತ್ತಿ ಅಜ್ಜಿ, ಯಾರೋ ಬಡ್ಕೊಳ್ತಾವ್ರೆ," ಎಂದ ಪಕ್ಕದಲ್ಲಿ ಕೂತವನು. ಆಮೇಲೆ ಇವಳು ಮೂಗಿ ಎಂಬುದು ನೆನಪಾಗಿ, "ನಾನೇ ಎತ್ತಿ ಹೇಳ್ಲಾ?" ಎಂದು ಕೈ ಚಾಚಿದ. ಬುನ್ಲಾಯ್ ಫೋನನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಳು. ಜಗಳ ಆಡಬೇಕೆಂದೇ ಕರೆಯುತ್ತಿದ್ದಾಳೆ, ಆಡಲಿ, ಸಂಜೆ ಮನೆಗೆ ಹೋಗಿ ಪೆಟ್ರೋಲ್ ಬಂಕಿನ ವಿಷಯ ಹೇಳಿದರೆ ತಣ್ಣಗಾಗುತ್ತಾಳೆ ಎಂದುಕೊಂಡಳು. ಬಹಳ ಹೊತ್ತಿನ ಮೇಲೆ ಫೋನು ಸುಮ್ಮನಾಯಿತು. ಅವಳಿಗೆ ಹಾಯೆನಿಸಿತು.

ಬಸ್ಸಿಳಿದಾಗ ಹೊತ್ತು ಮುಳುಗುತ್ತಿತ್ತು. ಓಣಿಯಲ್ಲಿ ಜನ. ಸಾಯ್‌ಬುವಾಳ ಮನೆಯ ಮುಂದೆ ಚಪ್ಪಲಿಗಳ ರಾಶಿ. ಸಂಗಾ ಓಡಿಬಂದ. ಅವನ ಮುಖದಲ್ಲಿ ಕೀಟಲೆ ಇರಲಿಲ್ಲ.

"ಅಕ್ಕ, ಥನೋಮ್ ಹೋಗ್ಬಿಟ್ಟ. ಮಧ್ಯಾಹ್ನದ ಪಾಳೀಲಿ. ಯಂತ್ರ ಒಳಕ್ಕೆಳ್ಕೊಂಡ್ಬಿಡ್ತಂತೆ."

ಬುನ್ಲಾಯಳ ಬಾಯಿಯವರೆಗೆ ಬಂದ ಕೂಗನ್ನು ಅವಳು ಹಲ್ಲಿನಿಂದ ಹಿಡಿದಳು. ತನ್ನ ಮನೆಯ ಮೆಟ್ಟಿಲು ಅಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಸಾಯ್‌ಬುವಾ ಹೆಂಗಸರ ಕೈ ಬಿಡಿಸಿಕೊಂಡು ಇಳಿದು ಬಂದಳು. ತಲೆ ಕೆದರಿತ್ತು, ಕೈಯಲ್ಲಿ ಇನ್ನೂ ಫೋನು.

"ಯಾಕೆತ್ತಲಿಲ್ಲ?" ಎಂದಳು. "ನಾನೇ ಬಾಯಿಬಿಟ್ಟೆ ಅಕ್ಕ. ತಡ್ಕೊಳ್ಳೋಕಾಗ್ಲಿಲ್ಲ. ಬುನ್ಲಾಯ್ ದೊಡ್ಡಮ್ಮ ತನ್ನ ಮಗಳಿಗೆ ತಾನೇ ಬಲೆ ತಗೊಂಡು ಹೋದ್ಲು ಕಣೋ ಅಂತ ಅವನಿಗೆ ಹೇಳ್ಬಿಟ್ಟೆ. ಹಂಗಾದ್ರೆ ನಂದು ಇನ್ನೂ ಇಲ್ಲೇ ಬಿದ್ದೈತಾ ಅಮ್ಮ ಅಂದ. ಮತ್ತೆ ಕೈ ನಡುಗೋಕೆ ಶುರುವಾಯ್ತಂತೆ. ದೊಡ್ಡಮ್ಮನ ಹತ್ರ ಒಂದ್ ಮಾತು ಹೇಳ್ಸು, ಬಂದೈತೆ ಅಂತ ಅವಳ ಬಾಯಿಂದ ಕೇಳ್ಬಿಟ್ರೆ ಸಾಕು ಅಂದ. ಪಾಳಿಗೆ ಹೋಗದಿದ್ರೆ ಊರಿಗೆ ಕಳಿಸ್ತಾರಂತೆ. ಕಾರ್ಖಾನೆ ಬಾಗಿಲಲ್ಲೇ ನಿಂತು ಕಾಯ್ದ. ನಾನು ನಿನಗೆ ಫೋನ್ ಮಾಡೀ ಮಾಡೀ..." ಅವಳು ಬುನ್ಲಾಯಳ ತೋಳು ಹಿಡಿದು ಅಲುಗಿಸಿದಳು. "ಒಂದೇ ಒಂದು ಮಾತು ಅಕ್ಕ! ಆಡ್ಬಾರದಾಗಿತ್ತಾ? ಈಗಾದ್ರೂ ಆಡು! ಏನಾದ್ರೂ ಆಡು!"

ಓಣಿಯೇ ನೋಡುತ್ತಿತ್ತು. ಕಂಕುಳಲ್ಲಿ ಬಲೆ, ಅದರ ಮೇಲೆ ಹೊದಿಕೆ, ಬಿಗಿದ ಬಾಯಿ. ಅರ್ಥವಾಗದವರು ಅಲ್ಲಿ ಯಾರೂ ಇರಲಿಲ್ಲ. ಬುನ್ಲಾಯಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವಳು ಗೆಳತಿಯ ಬೆರಳುಗಳನ್ನು ತನ್ನ ತೋಳಿನಿಂದ ಬಿಡಿಸಿ, ಮುಂದೆ ನಡೆದಳು. ಕ್ರೂರವೇ ಸರಿ. ನಾನೂ ನೀವೂ ಅಲ್ಲಿದ್ದಿದ್ದರೆ ಛೀ ಎನ್ನುತ್ತಿದ್ದೆವು. ಆದರೆ ಇವಳ ಕೂಸು ಅಲ್ಲಿ ಮಂಚದ ಮೇಲೆ ಉಸಿರಾಡುತ್ತಿತ್ತು, ಆ ತಾಯಿಯ ಕೂಸು ಆಗಲೇ ಹೋಗಿಯಾಗಿತ್ತು. ಹೆಂಗಸಿನ ಲೆಕ್ಕ ಅಷ್ಟೇ ಆಗಿತ್ತು.

ದೇಚಾ ಮೆಟ್ಟಿಲ ಬಳಿ ನಿಂತಿದ್ದ. "ಬಂತಾ?"

"ಬಂತು," ಎಂದಳು ಬುನ್ಲಾಯ್. ಇಡೀ ದಿನ ಮುಚ್ಚಿದ್ದ ಬಾಯಿಯಿಂದ ಬಂದ ದನಿ ಅವಳದೇ ಎನಿಸಲಿಲ್ಲ. "ಬಂತು, ಬಂತು."

ಅಂಪೈಯ ಮಣಿಕಟ್ಟಿಗೆ ನೂಲು ಕಟ್ಟಿದಳು. ಮೊಟ್ಟೆ ಸುಲಿದಳು. ಬಿಳಿಭಾಗ ಒಂದು ಕುಳಿಯೂ ಇಲ್ಲದೆ ನುಣ್ಣಗಿತ್ತು. ಖ್ವನ್ ತುಂಬಿಕೊಂಡು ಬಂದಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ ಎಂದು ಅವಳು ಎಷ್ಟು ಮನೆಗಳಲ್ಲಿ ಎತ್ತಿ ತೋರಿಸಿದ್ದಳೋ. ಮಗಳ ಬಾಯಿಗಿಟ್ಟಳು. ಮಗಳು ಅಗಿದಳು, ನುಂಗಿದಳು. ಗದ್ದದ ಮೇಲೆ ಹಳದಿ ಪುಡಿ ಉಳಿಯಿತು. "ಅಂಪೈ," ಎಂದು ಕರೆದಳು ಬುನ್ಲಾಯ್. "ಅಂಪೈ, ನೋಡೇ ಇಲ್ಲಿ. ನಿನ್ನ ಕರ್ಕೊಂಡು ಬರೋಕೆ ಹೋಗಿದ್ದೆ ಕಣೆ." ಅಂಪೈ ನೀರಿನ ಹಂಡೆಯನ್ನು ನೋಡುತ್ತಿದ್ದಳು. ಕತ್ತಲಾಗಿ ಹಂಡೆ ಕಾಣದಾದ ಮೇಲೂ ಅತ್ತಲೇ ನೋಡುತ್ತಿದ್ದಳು.

ಬೆಳಿಗ್ಗೆ ಸಂಗಾ ಬಂದು ಕರೆದ. ಸತ್ತವನು ಸತ್ತಲ್ಲೇ ಉಳಿದುಬಿಡಬಾರದು, ಕರೆದು ಮನೆಗೆ ತರಬೇಕು. ಹೆಣ ಬರುವುದು ಯಾವಾಗಲೋ, ಬರುವುದು ಬೂದಿಯೋ ಹೆಣವೋ, ಯಾರಿಗೂ ಗೊತ್ತಿರಲಿಲ್ಲ. ಥನೋಮನ ಗೆಳೆಯ ಫೋನು ಹಿಡಿದು ಆ ಜಾಗ ತೋರಿಸಲು ಒಪ್ಪಿದ್ದ. ಕರೆಯುವುದು ಗೊತ್ತಿದ್ದವರು ಊರಿನಲ್ಲಿ ಇವಳೊಬ್ಬಳೇ.

"ಅವಳೇ ಕರಿ ಅಂದ್ಲಾ?" ಎಂದು ಕೇಳಿದಳು ಬುನ್ಲಾಯ್.

"ಏನೂ ಅನ್ನಲಿಲ್ಲ. ಬೇಡ ಅಂತ್ಲೂ ಅನ್ನಲಿಲ್ಲ."

ಸಾಯ್‌ಬುವಾ ಗೋಡೆಗೊರಗಿ ಕೂತಿದ್ದಳು. ಬುನ್ಲಾಯ್ ಒಳಗೆ ಬಂದು ಎದುರಿಗೆ ಕೂತಾಗ ತಲೆಯೆತ್ತಲಿಲ್ಲ. ಬಸ್ಸಿನಲ್ಲಿ ಹೇಳಬೇಕೆಂದುಕೊಂಡಿದ್ದ ಪೆಟ್ರೋಲ್ ಬಂಕಿನ ಮಾತನ್ನು ಬುನ್ಲಾಯ್ ಎತ್ತಲಿಲ್ಲ. ಈಗ ಅದನ್ನು ಹೇಳಿ ಏನು? ಜಾಗ ಸರಿಯಾಗಿಯೇ ಸಿಕ್ಕಿದ ಮೇಲೂ ಮಗಳು ಹಾಗೇ ಕೂತಿದ್ದಳಲ್ಲ. ಚಾಪೆಯ ಮೇಲೆ ಫೋನು ಮಲಗಿಸಿದಳು. ಮಗನ ಹಳೆಯ ಶಾಲೆಯ ಅಂಗಿಯನ್ನು ಸಾಯ್‌ಬುವಾ ತಾನೇ ಬಲೆಯೊಳಗಿಟ್ಟಳು.

ಪರದೆಯಲ್ಲಿ ಅದೇ ಸಿಮೆಂಟಿನ ನೆಲ ಬಂತು. ಎಣ್ಣೆಯ ಕಲೆ ಇರಲಿಲ್ಲ, ಚೆನ್ನಾಗಿ ತೊಳೆದಿದ್ದರು. ಒಂದು ಕಡೆ ಯಾರದೋ ಬೂಟುಗಳು ಓಡಾಡುತ್ತಿದ್ದವು. ಯಂತ್ರ ಧಡ್ ಧಡ್ ಎಂದು ಒತ್ತುತ್ತಲೇ ಇತ್ತು. ಅವನ ಜಾಗದಲ್ಲಿ ಆಗಲೇ ಇನ್ನೊಬ್ಬನನ್ನು ನಿಲ್ಲಿಸಿದ್ದರು.

"ಬಾ ಥನೋಮ್, ಬಾ ಮಗಾ," ಎಂದು ಬುನ್ಲಾಯ್ ಶುರುಮಾಡಿದಳು. "ಕಬ್ಬಿಣದ ಹತ್ರ ಕೂರಬೇಡ, ಪರದೇಶದಲ್ಲಿ ಅಲೀಬೇಡ..." ದನಿ ಒಡೆಯಿತು. ಮತ್ತೆ ಎತ್ತಿಕೊಂಡಳು. ಬಲೆಯನ್ನು ಪರದೆಯ ಮೇಲೆ ಆಡಿಸಿದಳು. ಇನ್ನೊಮ್ಮೆ ಆಡಿಸಲು ಕೈ ಎತ್ತಿದಾಗ ಆ ಗೆಳೆಯನ ದನಿ ಪಿಸುಗುಟ್ಟಿತು: "ಅಮ್ಮಾ, ಕ್ಷಮಿಸಿ, ಸೂಪರ್‌ವೈಸರ್ ಬರ್ತಾವ್ರೆ, ಇಡ್ತೀನಿ." ಪರದೆ ಕಪ್ಪಾಯಿತು. ಅದರಲ್ಲಿ ಸೂರಿನ ತಗಡೂ ಬಗ್ಗಿದ ಎರಡು ಮುದಿ ತಲೆಗಳೂ ಕಂಡವು.

ಸಾಯ್‌ಬುವಾ ಮೊದಲ ಸಲ ತಲೆಯೆತ್ತಿ ಗೆಳತಿಯನ್ನು ನೋಡಿದಳು. "ಅಷ್ಟರೊಳಗೆ ಬಂದಿರ್ತಾನಾ ಅಕ್ಕ?"

ಬುನ್ಲಾಯ್ ಬಲೆಗೆ ಬಟ್ಟೆ ಮುಚ್ಚಿದಳು. "ಬಂದಿದ್ದಾನೆ ಕಣೆ. ಬಂದ."

ಬೈಗುಳ ಬರುತ್ತದೆಂದು ಎಲ್ಲರೂ ಕಾದರು, ಬುನ್ಲಾಯಳೂ ಕಾದಳು. ಬಂದಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತು. ಸಾಯ್‌ಬುವಾ ಬಲೆಯ ಬಟ್ಟೆ ಸರಿಸಿ ಮಗನ ಅಂಗಿಯನ್ನು ಹೊರತೆಗೆದುಕೊಂಡು, ಮಡಿಚಿ, ತೊಡೆಯ ಮೇಲಿಟ್ಟುಕೊಂಡಳು.

"ನಿನ್ನ ಮಗಳಿಗಾದ್ರೆ ಬಸ್ ಹತ್ತಿ ಹೋದೆ ಅಕ್ಕ," ಎಂದಳು.